ಹನುಮಪ್ಪನ ಹರಕೆಗೊಂದು ಮೊಣಕಾಲೆತ್ತರದ ಸೈಕಲ್ಲು

ದೇವರನ್ನು ನಂಬಿದವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಂಬದವರ ಮನೆಯಲ್ಲಿಯೂ ನಡೆಯುತ್ತವೆಯಂತೆ. ಪಾಪ, ಅವರಿಗೆ ಹೇಳಿಕೊಳ್ಳಲು ಯಾರೂ ಇರುವುದಿಲ್ಲ, ಅಷ್ಟೇ.

ನಾವು ಮೂಲತಃ ಧಾರವಾಡದ ಕಡೆಯವರು. ನೌಕರಿ ನಮ್ಮನ್ನು ನಾಗಪುರಕ್ಕೆ ಕರೆತಂದಿತು, ನಿವೃತ್ತಿ ಮನೀಶ್ ನಗರದ ಒಂದು ಫ್ಲ್ಯಾಟಿನಲ್ಲಿ ಕೂಡಿಸಿತು. ನಾನು, ನನ್ನ ಹೆಂಡತಿ, ದೇವರ ಮನೆ. ಇಷ್ಟೇ ಸಂಸಾರ.

ಬಾಯಿಂದ ಬಂದ ಹರಕೆ

ಹೆಂಡತಿಯ ಬಲ ಮೊಣಕಾಲಿನ ಆಪರೇಷನ್ ಧರಮಪೇಠದ ಒಂದು ಆಸ್ಪತ್ರೆಯಲ್ಲಿ ಆಯಿತು. ಆಕೆಯನ್ನು ಒಳಗೆ ಕರೆದುಕೊಂಡು ಹೋದಮೇಲೆ ನಾನು ಹೊರಗೆ ಕೂತು ಕೈಮುಗಿದೆ. "ಹನುಮಪ್ಪಾ, ಆಕಿ ತನ್ನ ಕಾಲಮ್ಯಾಲೆ ತಾನು ಗಟ್ಟಿಯಾಗಿ ನಿಂತರ, ನಾನು ಮನಿಯಿಂದ ನಿನ್ನ ಗುಡಿ ಕಟ್ಟಿತನಕ ನೆಲಕ್ಕ ಕಾಲು ತಾಗಿಸದ ಸೈಕಲ್ ತುಳಿದು ಬಂದು ಎಣ್ಣಿ ಒಪ್ಪಿಸ್ತೀನಿ."

ಸೈಕಲ್ಲೇ ಯಾಕೆ ಬಾಯಿಗೆ ಬಂತೋ ತಿಳಿಯದು. ಎದುರಿನ ಗೋಡೆಗೆ, ಸೈಕಲ್ ತುಳಿದರೆ ಹೃದಯಕ್ಕೆ ಒಳ್ಳೆಯದೆಂಬ ಚಿತ್ರ ಹಚ್ಚಿದ್ದರು. ಹಲ್ಲುಜ್ಜುವ ಚಿತ್ರ ಇದ್ದಿದ್ದರೆ ಹರಕೆ ಹಗುರಾಗುತ್ತಿತ್ತು.

ಕಾಲು ಚೆನ್ನಾಗಿ ಕೂಡಿಬಂತು. ಆಕೆ ಅಡುಗೆಮನೆಯಲ್ಲಿ ಮೊದಲಿನಂತೆ ನಿಂತು ಒಗ್ಗರಣೆ ಹಾಕಿದ ದಿನ ನಾನು ಹರಕೆಯ ವಿಷಯ ಹೇಳಿದೆ.

"ನಡಕೋತ ಬರತೀನಿ ಅನ್ನಬೇಕಿತ್ತಿಲ್ಲೋ?" ಎಂದಳು. "ನೀವು ಸೈಕಲ್ ಹತ್ತಿ ಎಷ್ಟು ವರ್ಷಾತು? ಬಿದ್ದು ನಿಮ್ಮ ಮೊಣಕಾಲು ಮುರದ್ರ ನಾ ಯಾವ ದೇವರಿಗೆ ಏನಂತ ಹೇಳಲಿ?"

"ಆಡಿದ ಮಾತು ಆಡಿಬಿಟ್ಟೇನಿ. ತೀರಸದ ಇದ್ದರ ನಿನ್ನ ಕಾಲಿಗೆ ಬಂದೀತು."

ಕಾಲಿನ ಮಾತು ಬಂದಮೇಲೆ ಆಕೆಯೂ ವಿಚಾರಕ್ಕೆ ಬಿದ್ದಳು. ಒಗ್ಗರಣೆ ಹೊತ್ತಿದ ವಾಸನೆ ಬರುವತನಕ ಯೋಚಿಸಿ ಕೇಳಿದಳು: "ಸೈಕಲ್ ಎಷ್ಟು ಎತ್ತರದ್ದು ಅಂತ ಹೇಳೀರೇನು ದೇವರಿಗೆ?"

"ಇಲ್ಲ."

"ಹಂಗಾರ ಸಣ್ಣದು ತರ್ರಿ. ಬಿದ್ದರ ಬಿದ್ದಂಗಾಗಬಾರದು, ಕುಂತಂಗಾಗಬೇಕು."

ಇದು ದೇವರಿಗೆ ಮೋಸವಾದೀತೇ ಎಂದು ನನಗೆ ಅಳುಕು. ದೇವರ ಮನೆಯಲ್ಲಿ ನಂದಾದೀಪದ ಮುಂದೆ ಕೂತು ಅಪ್ಪಣೆ ಕೇಳಿದೆ. ದೀಪ ಸ್ವಲ್ಪವೂ ಅಲುಗಾಡಲಿಲ್ಲ. ಒಪ್ಪಿಗೆ ಸಿಕ್ಕಿತು. ಆ ಹೊತ್ತಿಗೆ ಕರೆಂಟ್ ಹೋಗಿ ಫ್ಯಾನ್ ನಿಂತಿತ್ತು ನಿಜ, ಆದರೆ ಕರೆಂಟ್ ತೆಗೆದವನೂ ಅವನೇ ಅಲ್ಲವೇ?

ಜೋಕರನ ವಾಹನ

ಕಬಾಡಿ ಅಂಗಡಿಯ ಮೂಲೆಯಲ್ಲಿ, ಕೆಟ್ಟ ಫ್ರಿಜ್ಜುಗಳ ಹಿಂದೆ ಅದು ಸಿಕ್ಕಿತು. ಯಾವುದೋ ಸರ್ಕಸ್ಸಿನ ಜೋಕರ್ ಓಡಿಸುತ್ತಿದ್ದ ಸೈಕಲ್ಲು. ಇಡೀ ಸೈಕಲ್ಲು ನನ್ನ ಮೊಣಕಾಲಿಗೆ ಬರುತ್ತಿತ್ತು. ಗಾಲಿಗಳು ಚಹಾ ಕಪ್ಪಿನ ಬಸಿಗಿಂತ ಚೂರು ದೊಡ್ಡವು. ಹ್ಯಾಂಡಲ್ ಮುರಿದಿತ್ತು, ಸೀಟಿನ ಜಾಗದಲ್ಲಿ ಬರೀ ಕಬ್ಬಿಣದ ಕೊಳವೆ ನಿಂತಿತ್ತು.

ಅದನ್ನು ಬಗಲಲ್ಲಿ ಹಿಡಿದುಕೊಂಡು ಮೆಕ್ಯಾನಿಕನ ಹತ್ತಿರ ಹೋದೆ. ಅಲ್ಲೇ ಗುಡ್ಡೆ ಬಿದ್ದಿದ್ದ ಗುಜರಿಯಿಂದ ಹಳೇ ಸ್ಕೂಟರಿನ ಅಗಲವಾದ ಹ್ಯಾಂಡಲ್ ಆರಿಸಿದೆ, ಕನ್ನಡಿಗಳ ಸಮೇತ. ಸೀಟಿಗೆ ಕಾಲು ಮುರಿದ ಸ್ಟೂಲಿನ ಮೇಲ್ಭಾಗ. ದೀಪಕ್ಕೆ ಸೋರುವ ಒಂದು ಸ್ಟೀಲ್ ಲೋಟ, ಒಳಗೆ ಟಾರ್ಚಿನ ಬಲ್ಬು. ಎಲ್ಲವೂ ಜನ ಬಿಸಾಡಿದ ವಸ್ತುಗಳು. ದೇವರ ಸೇವೆಗೆ ಬಂದವು ಎಂದರೆ ಅವುಗಳ ಪುಣ್ಯ.

ಮೆಕ್ಯಾನಿಕ್ ಅಳತೆ ತೆಗೆದುಕೊಳ್ಳುತ್ತ ಮರಾಠಿಯಲ್ಲಿ ಕೇಳಿದ: "ಕಾಕಾ, ಮೊಮ್ಮಗನಿಗಾ?"

"ಅಲ್ಲಪ್ಪಾ, ಹನುಮಂತನ ಕೆಲಸಕ್ಕ."

ಅವನು ಸ್ಪ್ಯಾನರ್ ಕೆಳಗಿಟ್ಟು, ತನ್ನ ಅಂಗಡಿಯ ಗೋಡೆಯ ಮೇಲಿದ್ದ ಗದೆ ಹೊತ್ತ ಹನುಮಂತನ ಕ್ಯಾಲೆಂಡರನ್ನು ನೋಡಿದ. ಮತ್ತೆ ಸೈಕಲ್ ನೋಡಿದ.

"ಕಾಕಾ, ಅವನಿಗೆ ಬಹಳ ಸಣ್ಣದಾಗುತ್ತೆ."

ಕೂಲರಿನ ತ್ಯಾಗ

ನೆಲಕ್ಕೆ ಕಾಲು ತಾಗಬಾರದು ಎಂದರೆ ಸಿಗ್ನಲ್ಲಿನಲ್ಲಿ ನಿಂತಾಗಲೂ ಸೈಕಲ್ ತಾನೇ ನಿಲ್ಲಬೇಕು. ಅದಕ್ಕೆ ಎರಡೂ ಬದಿಗೆ ಸಣ್ಣ ಗಾಲಿ ಬೇಕು. ಗುಜರಿಯಲ್ಲಿ ಸಿಗಲಿಲ್ಲ. ಮನೆಗೆ ಬಂದು ನೋಡಿದರೆ ಪಡಸಾಲೆಯಲ್ಲಿ ನಮ್ಮ ಕೂಲರ್ ನಾಲ್ಕು ಗಾಲಿಗಳ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಆಗಿನ್ನೂ ಚಳಿ ಮುಗಿದಿರಲಿಲ್ಲ; ಅದಕ್ಕೆ ಗಾಲಿಯ ಉಪಯೋಗ ಇರಲಿಲ್ಲ. ಎರಡು ಬಿಚ್ಚಿದೆ. ಕೂಲರ್ ವಾರೆಯಾಯಿತು. ಸರಿ ಕಾಣಲೆಂದು ಉಳಿದೆರಡನ್ನೂ ಬಿಚ್ಚಿದೆ.

ನಾಗಪುರದ ಬೇಸಿಗೆ ಹೇಳಿಕೇಳಿ ಬರುವುದಿಲ್ಲ. ಒಂದು ಮಧ್ಯಾಹ್ನ ಹೆಂಡತಿ ಕೂಲರಿಗೆ ಬಕೆಟ್ಟುಗಟ್ಟಲೆ ನೀರು ತುಂಬಿ, ಮಲಗುವ ಕೋಣೆಗೆ ದೂಡಲು ನಿಂತಳು. ಅದು ಹಂದಲಿಲ್ಲ.

"ಅಯ್ಯ, ಇದಕ್ಕೇನಾತ್ರಿ?"

"ಅದರ ಗಾಲಿ ಹನುಮಪ್ಪನ ಸೇವಾದಾಗ ಅವ" ಎಂದೆ.

ಆಕೆ ಸೆರಗು ಸಿಕ್ಕಿಸಿಕೊಂಡು ಮಲಗುವ ಕೋಣೆಗೆ ಹೋದಳು. ಒಳಗಿನಿಂದ ಮಂಚ ಎಳೆಯುವ ಸದ್ದು ಬಂತು.

ಆ ಬೇಸಿಗೆಯಲ್ಲಿ ಮನೆಗೆ ಬಂದ ಅತಿಥಿಗಳೆಲ್ಲ ನಮ್ಮ ಮಂಚದ ಮೇಲೆ ಕೂತೇ ಚಹಾ ಕುಡಿದರು. ಕೂಲರ್ ಬಹಳ ತಂಪು ಎಂದು ಎಲ್ಲರೂ ಹೊಗಳಿದರು.

ನೈವೇದ್ಯ

ಸೈಕಲ್ಲಿಗೆ ಬೆಲ್ ಇರಲಿಲ್ಲ. ದೇವರ ಮನೆಯಲ್ಲಿ ಹಿಡಿಕೆ ಸಡಿಲಾದ ಹಿತ್ತಾಳೆ ಗಂಟೆ ಇತ್ತು. ಅದನ್ನೇ ಹ್ಯಾಂಡಲಿಗೆ ತೂಗುಹಾಕಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಕಟ್ಟಡದ ಅಂಗಳದಲ್ಲಿ ಅಭ್ಯಾಸಕ್ಕೆ ಇಳಿದೆ. ನೆಲದ ಫರಸಿ ಕಲ್ಲಿನ ಸಂದು ಬಂದಾಗೆಲ್ಲ ಗಂಟೆ ತಾನೇ ಬಡಿದುಕೊಳ್ಳುತ್ತಿತ್ತು.

ಕೆಳಗಿನ ಮನೆಯ ಮರಾಠಿ ಆಜಿಗೆ ಕಣ್ಣು ಮಂಜು. ಗಂಟೆಯ ಸದ್ದು ಕೇಳಿ, ಯಾವುದೋ ದೇವರ ಪಲ್ಲಕ್ಕಿ ಅಂಗಳಕ್ಕೆ ಬಂದಿದೆಯೆಂದು ಆರತಿ ತಟ್ಟೆ ಹಿಡಿದು ಹೊರಬಂದರು. ಪಲ್ಲಕ್ಕಿಯಲ್ಲಿ ದೇವರು ಎಷ್ಟು ಎತ್ತರದಲ್ಲಿ ಕೂತಿರುತ್ತಾನೋ ಗೊತ್ತಿಲ್ಲ, ಆದರೆ ನೆಲಕ್ಕೆ ಇಳಿಸಿದ ಪಲ್ಲಕ್ಕಿಯಲ್ಲಿ ನನ್ನಷ್ಟೇ ಎತ್ತರದಲ್ಲಿ ಕೂತಿರುತ್ತಾನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಆಜಿ ಆರತಿ ಸುರುಮಾಡಿಬಿಟ್ಟರು.

ಆರತಿಯನ್ನು ನಡುವೆ ನಿಲ್ಲಿಸಬಾರದು. ನಾನೂ ಚಪ್ಪಾಳೆ ತಟ್ಟಿದೆ. ಇಲ್ಲಿಯವರ ಪದ್ಧತಿಯಂತೆ ಒಂದರ ಹಿಂದೊಂದು ದೇವರ ಆರತಿಗಳೆಲ್ಲ ಮುಗಿಯುವತನಕ ಸೈಕಲ್ ಮೇಲೆಯೇ ಭಕ್ತಿಯಿಂದ ಕೂತಿದ್ದೆ. ಕಡೆಗೆ ಆಜಿ ನನ್ನ ಮುಂದೆ ಒಂದು ಪೇಢೆ ಹಿಡಿದರು. ಪ್ರಸಾದ ಬೇಡ ಎನ್ನಬಾರದು. ತಿಂದೆ.

ಆಜಿ ಒಳಗಿನ ಸೊಸೆಗೆ ಕೇಳುವಂತೆ ಕೂಗಿದರು: "ಅಗ ಸೂನಬಾಯಿ, ಜಲ್ದಿ ಬಾ! ಜನ್ಮವೆಲ್ಲ ನೈವೇದ್ಯ ಇಟ್ಟೆ, ತಿಂದದ್ದು ಇವತ್ತೇ ನೋಡಿದೆ!"

ಬೇಡಿಕೆ

ಹರಕೆ ತೀರಿಸುವ ಶನಿವಾರ ಬಂತು. ಮನೆ ಬಾಗಿಲಲ್ಲೇ ಸೈಕಲ್ ಹತ್ತಿ, ಲಿಫ್ಟಿನಲ್ಲಿ ಕೂತೇ ಇಳಿದೆ. ಹೆಂಡತಿ ಎಣ್ಣೆಯ ಗಿಂಡಿ ಹಿಡಿದು ಪಕ್ಕದಲ್ಲಿ ನಡೆದು ಬಂದಳು. ಪಕ್ಕದಲ್ಲಿ ಎನ್ನುವುದು ಮಾತಿಗೆ. ಆಕೆ ಮುಂದೆ ಹೋಗಿ ಹೋಗಿ ನಿಂತುಕೊಂಡು ನನ್ನ ದಾರಿ ಕಾಯುತ್ತಿದ್ದಳು.

ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಕೂಲರಿನ ಗಾಲಿಗಳ ಕೃಪೆಯಿಂದ ಸೈಕಲ್ ಬರೋಬರ್ ನಿಂತಿತು. ಎರಡೂ ಕಾಲು ಪೆಡಲಿನ ಮೇಲೆ, ಕೈ ಹ್ಯಾಂಡಲಿನ ಮೇಲೆ, ಬಾಯಲ್ಲಿ ರಾಮನಾಮ. ಬದಿಯಲ್ಲಿ ಬುಟಿಬೋರಿಯ ಕಾರ್ಖಾನೆಗೆ ಕೆಲಸಗಾರರನ್ನು ಒಯ್ಯುವ ಬಸ್ಸು.

ಟ್ರಾಫಿಕ್ ಪೊಲೀಸ್ ನನ್ನ ಹತ್ತಿರ ಬಂದು ಬಗ್ಗಿದ. "ಕಾಕಾ, ರಸ್ತೆಯ ನಡುವೆ ಹೀಗೆ ಕೂತರೆ ಹೇಗೆ? ಏನು ನಿಮ್ಮ ಬೇಡಿಕೆ?"

"ಕೂತಿಲ್ಲ ಸಾಹೇಬರೇ. ಹೊರಟಿದ್ದೇನೆ."

ಅವನು ಬಗ್ಗಿ ಗಾಲಿಗಳನ್ನು ಹುಡುಕುತ್ತಿರುವಾಗ ಬಸ್ಸಿನ ಕಿಟಕಿಯಿಂದ ಒಬ್ಬ ಕೂಗಿದ:

"ಕಾಕಾ, ಏಳಬೇಡಿ! ನಮ್ಮ ಬೋನಸ್ಸಿನ ಮಾತನ್ನೂ ಸೇರಿಸಿ!"

ನಿಂಬೆಹಣ್ಣು

ಗುಡಿಯ ಮುಂದೆ ಶನಿವಾರದ ಗರ್ದಿ. ಹೊಸ ಗಾಡಿ ಕೊಂಡವರು ಪೂಜೆಗೆ ತಂದಿದ್ದರು. ಎಣ್ಣೆ ಒಪ್ಪಿಸುವ ಕಟ್ಟೆ ಇನ್ನು ಒಂದು ಮಾರು ದೂರ. ಅಷ್ಟರಲ್ಲಿ ಪೂಜಾರಿಗಳು ನನ್ನ ಸೈಕಲ್ ನೋಡಿ, ಇದೂ ಹೊಸ ಗಾಡಿಯೆಂದುಕೊಂಡರು. ಹ್ಯಾಂಡಲಿಗೆ ಕುಂಕುಮ ಹಚ್ಚಿ, ಹೂ ಏರಿಸಿ, ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಪ್ರತಿ ಶನಿವಾರ ತಪ್ಪದೆ ಬರುವವನೆಂದು ನನ್ನ ಮೇಲೆ ಪ್ರೀತಿ. ಬುಟ್ಟಿಯಲ್ಲಿದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಆರಿಸಿದ್ದರು.

"ಚಲಾ ಕಾಕಾ, ತುಳಿದು ಮುಂದೆ ಬನ್ನಿ."

ತುಳಿದೆ. ಗಾಲಿ ನಿಂಬೆಹಣ್ಣಿಗೆ ತಾಗಿ ನಿಂತಿತು. ಇನ್ನೂ ಜೋರಾಗಿ ತುಳಿದೆ. ಹಣ್ಣು ಅಲ್ಲೇ ಇತ್ತು, ಹಿಂದಿನ ಗಾಲಿ ಗಾಳಿಗೆ ಎದ್ದಿತು.

"ಇಳೀಬ್ಯಾಡ್ರಿ!" ಹೆಂಡತಿ ಚೀರಿದಳು. "ಕಾಲು ತಾಗಿದ್ರ ನನ್ನ ಮೊಣಕಾಲು ಹೋತು!"

ನಿಂಬೆಹಣ್ಣು ತೆಗೆದುಬಿಡಿ ಎಂದು ಪೂಜಾರಿಗಳಿಗೆ ಬೇಡಿಕೊಂಡೆ. "ಛೇ, ಇಟ್ಟದ್ದನ್ನು ಎತ್ತುವ ಹಾಗಿಲ್ಲ. ದೃಷ್ಟಿ ವಾಪಸ್ ಗಾಡಿಗೇ ಹತ್ತುತ್ತೆ" ಎಂದರು. ಯಾರೋ ಹಿಂದಿನಿಂದ ದೂಡಲು ಬಂದರು, ನಾನೇ ಬೇಡವೆಂದೆ. ತುಳಿದು ಬರುತ್ತೇನೆ ಎಂದು ಹರಕೆ, ದೂಡಿಸಿಕೊಂಡು ಎಂದಲ್ಲ. ಹಿಂದೆ ನಿಂತಿದ್ದ ಹಾರ ಹಾಕಿದ ಹೊಸ ಕಾರು ಒಂದೇ ಸಮನೆ ಹಾರ್ನ್ ಬಾರಿಸುತ್ತಿತ್ತು.

ಕಣ್ಣು ಮುಚ್ಚಿದೆ. "ಹನುಮಪ್ಪಾ, ನೀನು ಸಮುದ್ರ ಹಾರಿದವನು. ನನಗ ಒಂದು ನಿಂಬಿಹಣ್ಣು ದಾಟಸು."

ಕಣ್ಣು ತೆರೆದಾಗ ಹೆಂಡತಿ ಚಪ್ಪಲಿ ಬಿಟ್ಟು ಗಾಲಿಯ ಮುಂದೆ ನಿಂತಿದ್ದಳು.

"ವಹಿನಿ, ಗಾಡಿಯೇ ತುಳಿಯಬೇಕು. ಮನುಷ್ಯರು ತುಳಿಯಬಾರದು" ಎಂದರು ಪೂಜಾರಿಗಳು.

"ಈ ಮೊಣಕಾಲಿನ ಒಳಗ ಇರೋದೂ ಕಬ್ಬಿಣನ" ಎಂದಳು ಆಕೆ. "ಹೊಸಾ ಪಾರ್ಟ್ ಹಾಕ್ಯಾರ. ಇದಕ್ಕೂ ಇನ್ನೂ ಪೂಜಾ ಆಗಿಲ್ಲ."

ಇಷ್ಟು ಹೇಳಿ, ಹೋದ ವರ್ಷ ಹೊಸ್ತಿಲು ದಾಟಲೂ ಏಳದಿದ್ದ ಅದೇ ಬಲಗಾಲನ್ನು ಎತ್ತಿ, ಮೈಭಾರವೆಲ್ಲ ಬಿಟ್ಟು ತುಳಿದಳು. ರಸ ಪೂಜಾರಿಗಳ ಮುಖಕ್ಕೆ ಸಿಡಿಯಿತು. ಅವರು ಕಣ್ಣು ಒರೆಸಿಕೊಂಡು, ಬೇರೆ ದಾರಿ ಕಾಣದೆ, ಆಕೆಯ ಮೊಣಕಾಲಿನ ಮೇಲೆ ಸೀರೆಗೆ ಒಂದು ಬೊಟ್ಟು ಕುಂಕುಮ ಇಟ್ಟರು.

ನಾನು ತುಳಿದೆ. ಗಾಲಿ ಕಟ್ಟೆ ಮುಟ್ಟಿತು. ಕಾಲು ನೆಲಕ್ಕೆ ತಾಗಿರಲಿಲ್ಲ. ಗಿಂಡಿ ಈಸಿಕೊಂಡು ಎಣ್ಣೆ ಒಪ್ಪಿಸುವಾಗ ನನ್ನ ಕಣ್ಣಲ್ಲಿ ನೀರು. ಪೂಜಾರಿಗಳು ಅದನ್ನೂ ನಿಂಬೆರಸವೆಂದೇ ತಿಳಿದರು.

ತಿರುಗಿ ನೋಡಿದರೆ ಹಿಂದಿನ ಕಾರಿನವನು ಇಳಿದು ಬಂದು ಹೆಂಡತಿಯ ಮುಂದೆ ಕೈಮುಗಿದು ನಿಂತಿದ್ದ. "ಕಾಕು, ನಾನು ಡ್ರೈವಿಂಗ್ ಕಲಿತು ಸ್ವಲ್ಪ ದಿನವಷ್ಟೇ ಆಯಿತು. ಗರ್ದಿಯಲ್ಲಿ ಹೆದರಿಕೆ. ನನ್ನ ನಾಲ್ಕೂ ನಿಂಬೆಹಣ್ಣು ನೀವೇ ತುಳಿದುಬಿಡ್ತೀರಾ?"

ಆಕೆ ನಾಲ್ಕನ್ನೂ ತುಳಿದಳು. ಕಾರಿನವನು ಕೊಟ್ಟ ತೆಂಗಿನಕಾಯಿ ಹೋಳಿನ ಸಮೇತ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಎಡಗಾಲಿಗೂ ಪಾರ್ಟ್ ಹಾಕಬೇಕಾಗತದ ಅಂದಾರ ಡಾಕ್ಟರು. ಸೈಕಲ್ಲಿಗೆ ಹಚ್ಚಿದ ಕೂಲರಿನ ಗಾಲಿ ಬಿಚ್ಚಬ್ಯಾಡ್ರಿ. ಈ ಸಲ ಹರಕಿ ನಾ ಹೊರತೀನಿ, ನೀವು ಸುಮ್ಮನ ತುಳದ್ರ ಸಾಕು."