ನಡುಮನೆಗೆ ಬಂದ ಸರ್ವೆ ಮರ

ಮನೆಯೊಳಗೆ ಒಂದು ಮರ ತಂದು ನಿಲ್ಲಿಸಿಕೊಂಡರೆ ನಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮತ್ತಿಗಿರಿಯಲ್ಲಿ ನಮ್ಮದು ಬಾಡಿಗೆ ಮನೆ. ನಾನು, ಫ್ಯಾಕ್ಟರಿಗೆ ಹೋಗುವ ನನ್ನ ಗಂಡ, ಕೋಲಾರದ ಕಡೆಯ ನಮ್ಮತ್ತೆ. ಮಹಡಿಯಲ್ಲಿ ಮನೆಯ ಒಡತಿ ಒಬ್ಬರೇ, ರಿಟೈರ್ ಆದ ತಮಿಳು ಟೀಚರಮ್ಮ. ಕಳೆದ ಡಿಸೆಂಬರಿನಲ್ಲಿ ಅವರಿಗೆ ಮಂಡಿ ಆಪರೇಷನ್ ಆಯಿತು. ಮೆಟ್ಟಿಲು ಹತ್ತಬಾರದೆಂದು ನಮ್ಮ ಮನೆಗೇ ಕರೆದುಕೊಂಡು ಬಂದೆವು. ಬಂದವರು ಮಂಕಾಗಿ ಕೂತರು.

"ಮದುವೆಯಾದಾಗಿಂದ ಮರ ಇಲ್ಲದೆ ಕ್ರಿಸ್‌ಮಸ್ ಮಾಡಿಲ್ಲಮ್ಮ. ಪ್ಲಾಸ್ಟಿಕ್ ಮರ ನೋಡಿದ್ರೆ ನನಗೆ ಆಗಲ್ಲ" ಅಂದರು.

"ಅದಕ್ಕೇನಂತೆ, ಇಲ್ಲೇ ನಿಲ್ಸಾನ ಬಿಡಿ" ಅಂದರು ನಮ್ಮತ್ತೆ. ಕ್ರಿಸ್‌ಮಸ್ ಮರ ಹೇಗಿರುತ್ತದೆಂದು ಅವರು ಕಂಡೇ ಇರಲಿಲ್ಲ.

ಅಳತೆ

ನನ್ನ ಗಂಡ ಸ್ನೇಹಿತರೊಬ್ಬರ ತೋಪಿನಿಂದ ಸರ್ವೆ ಮರ ಕಡಿಸಿ ಟೆಂಪೋದಲ್ಲಿ ತಂದರು. "ಚಿಕ್ಕದು, ಪುಟ್ಟ ಮಗು ಹಂಗೈತೆ" ಎಂದು ದಾರಿಯಿಂದಲೇ ಫೋನು. ನಡುಮನೆಯಲ್ಲಿ ಎತ್ತಿ ನಿಲ್ಲಿಸಿದರೆ ತುದಿ ಸೂರಿಗೆ ತಾಗಿ, ಬಗ್ಗಿ ನಮ್ಮನ್ನೇ ನೋಡಿತು.

"ತೋಪಿನಲ್ಲಿ ಅಕ್ಕಪಕ್ಕದ ಮರಗಳು ಮುಗಿಲು ಮುಟ್ಟಿದ್ವು. ಅವುಗಳ ಮುಂದೆ ಇದು ಚಿಕ್ಕದಾಗಿ ಕಾಣ್ತು" ಅಂದರು.

"ತಲೆ ಮುಟ್ಟಬೇಡಿ, ಬುಡ ಕುಯ್ಯಿರಿ" ಎಂದು ಟೀಚರಮ್ಮ ಕೂತಲ್ಲಿಂದಲೇ ಹೇಳಿದರು. ಒಮ್ಮೆ ಕುಯ್ದರೂ ಸಾಲಲಿಲ್ಲ, ಇನ್ನೊಮ್ಮೆ ಕುಯ್ದರು.

ನಮ್ಮತ್ತೆ ಮಗನಿಗೆ ಹೇಳಿದರು: "ನಿನ್ನ ಮದುವೆ ಪ್ಯಾಂಟೂ ಹಿಂಗೇ ತಂದಿದ್ದೆ ಕಣ್ಲಾ. ಎರಡು ಸಲ ಕುಯ್ಸಿದ್ವಿ."

ನೀರು

ಬಕೆಟ್ಟಿಗೆ ಕಲ್ಲು ತುಂಬಿ, ಮರ ನಿಲ್ಲಿಸಿ, ನೀರು ಹಾಕಿದೆವು. "ನೀರು ಬತ್ತಬಾರದು, ಬತ್ತಿದರೆ ಎಲೆಯೆಲ್ಲ ಉದುರುತ್ತೆ" ಅಂದರು ಟೀಚರಮ್ಮ.

"ಕಡಿದ ಮರಕ್ಕೆ ನೀರ್ಯಾಕೆ?" ಎಂದು ನಮ್ಮತ್ತೆಗೆ ಅನುಮಾನ. ಬೆಳಗ್ಗೆ ಬಕೆಟ್ಟು ಅರ್ಧ ಆಗಿತ್ತು. ಅದರಲ್ಲಿ ನಾನು ನೆಲ ಒರೆಸಿದ್ದೇನೆ ಅಂದುಕೊಂಡರು. ಮತ್ತೆ ತುಂಬಿಸಿ, ನೀರಿನ ಮಟ್ಟಕ್ಕೆ ಇದ್ದಿಲಿನ ಗೆರೆ ಎಳೆದು, ಪಕ್ಕದಲ್ಲೇ ಮಣೆ ಹಾಕಿಕೊಂಡು ಕಾದರು. ಸಂಜೆಗೆ ನೀರು ಗೆರೆಗಿಂತ ಎರಡು ಬೆರಳು ಕೆಳಗಿತ್ತು.

ಅವರು ಎದ್ದು ಕಾಂಡದ ಮೇಲೆ ಕೈಯಿಟ್ಟರು. "ಇದಕ್ಕೆ ಬೇರೇ ಇಲ್ಲ. ಆದ್ರೂ ಕುಡೀತೈತೆ" ಎಂದು ಮೆಲ್ಲಗೆ ಅಂದರು.

ಮರುದಿನದಿಂದ ಮರಕ್ಕೆ ನೀರು ಹಾಕದೆ ಯಾರಿಗೂ ಕಾಫಿ ಇಲ್ಲ. ಕೇಳಿದರೆ, "ಮನೆಗೆ ಬಂದೋರನ್ನ ಬಿಟ್ಟು ನಾವು ಕುಡಿದ್ರೆ ಚೆನ್ನಾಗಿರ್ತದಾ?"

ದೀಪ

ದೀಪದ ಸರ ಸುತ್ತಿ, ತುದಿಗೆ ನಕ್ಷತ್ರ ಕಟ್ಟಿ, ಟ್ಯೂಬ್‌ಲೈಟ್ ಆರಿಸಿದೆವು. ಸೂಜಿಯಂಥ ಒಂದೊಂದು ಎಲೆಯೂ ಹೊಳೆಯಿತು. ಕುಕ್ಕರ್ ಕೂಗುತ್ತಲೇ ಇತ್ತು, ಯಾರೂ ಏಳಲಿಲ್ಲ.

ಊಟಕ್ಕೆ ಕೂತಾಗ ಟೀಚರಮ್ಮ ತಟ್ಟೆಯಲ್ಲಿ ಬೆಂದು ಮುದ್ದೆಯಾಗಿದ್ದ ಅನ್ನ ನೋಡಿ, "ಈ ಸಲ ಪೊಂಗಲ್ ಹಬ್ಬ ಮುಂಚೆಯೇ ಬಂತಾ?" ಅಂದರು.

ಕೈ ಮುಗಿದವರು

ಟೀಚರಮ್ಮ ಚರ್ಚಿಗೆ ಹೋಗುವಂತಿರಲಿಲ್ಲ. ಹಬ್ಬದ ಹಿಂದಿನ ದಿನ ಅವರ ಚರ್ಚಿನ ಫಾದರ್ ಮನೆಗೇ ಬಂದು ಪ್ರಾರ್ಥನೆ ಶುರುಮಾಡಿದರು. ಎಲ್ಲರೂ ಕಣ್ಣು ಮುಚ್ಚಿದೆವು. ನನ್ನ ಕೈಮೇಲೆ ಏನೋ ಹರಿದಂತಾಗಿ ಕಣ್ಣು ಬಿಟ್ಟೆ.

ಮರ ಅಲುಗುತ್ತಿತ್ತು. ಒಂದು ಕೊಂಬೆಯಲ್ಲಿ ಒಣಗಿದ ನೊರೆಯಂಥ ಗಂಟು, ಅದರಿಂದ ಇರುವೆ ಗಾತ್ರದ ಮರಿಗಳು ನೂರಾರು ಇಳಿದು ಬರುತ್ತಿದ್ದವು. ನಾನು ಪೊರಕೆಗೆ ಕೈ ಹಾಕಿದೆ.

ನಮ್ಮತ್ತೆ ನನ್ನ ಕೈ ಹಿಡಿದರು. "ಬ್ಯಾಡ ಕಣೇ. ಸೂರ್ಯನ ಕುದುರೆ ಮರಿಗಳು."

"ತಮಿಳಿನಲ್ಲಿ ಕುಂಬಿಡು ಪೂಚ್ಚಿ ಅಂತೀವಿ" ಅಂದರು ಟೀಚರಮ್ಮ. "ಅಂದ್ರೆ ಕೈ ಮುಗಿಯೋ ಹುಳ. ಹತ್ತಿರದಿಂದ ನೋಡಮ್ಮ."

ನೋಡಿದೆ. ದೀಪದ ಮೇಲೆ, ನಕ್ಷತ್ರದ ಮೇಲೆ, ಫಾದರ್ ಹಿಡಿದಿದ್ದ ಪುಸ್ತಕದ ಅಂಚಿನ ಮೇಲೆ, ಹುಟ್ಟಿ ಗಳಿಗೆಯೂ ಆಗದ ಮರಿಗಳು ಎದೆಯ ಮುಂದೆ ಕೈ ಮುಗಿದುಕೊಂಡು ನಿಂತಿದ್ದವು. ನಾವು ಉಸಿರು ಬಿಡುವುದಕ್ಕೂ ಹೆದರಿದೆವು.

ಫಾದರ್ ಪುಸ್ತಕ ಅಲುಗಿಸದೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಪಿಸುಮಾತಿನಲ್ಲಿ ಹೇಳಿದರು: "ಭಾನುವಾರ ನಮ್ಮ ಚರ್ಚಿಗೂ ಇಷ್ಟು ಜನ ಬರಲ್ಲ ಟೀಚರಮ್ಮ. ಬಂದವರೂ ಇಷ್ಟು ಹೊತ್ತು ಕೈ ಮುಗಿಯಲ್ಲ."