ಕಂಬಳದಲ್ಲೊಂದು ವಿದಾಯ

ಟೆನಿಸ್ ಆಡುವುದಕ್ಕಿಂತ ಅದರಿಂದ ನಿವೃತ್ತಿಯಾಗುವುದು ಕಷ್ಟ. ದೊಡ್ಡ ಆಟಗಾರ್ತಿಯರಾದರೆ ಹೂಗುಚ್ಛ, ಕ್ಯಾಮೆರಾ, ಕಣ್ಣೀರು ಎಲ್ಲ ಇರುತ್ತದೆ. ನನ್ನಂಥವಳು ಮುಂದಿನ ಟೂರ್ನಿಗೆ ಹೆಸರು ಕೊಡದಿದ್ದರೆ ಮುಗಿಯಿತು; ಇದ್ದಾಳೋ ಸತ್ತಳೋ ಎಂದು ಕೇಳುವವರಿಲ್ಲ. ಪ್ರಾಯವನ್ನೆಲ್ಲ ನಾನು ಹೆಸರು ಹೇಳಲು ಬಾರದ ಊರುಗಳಿಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬರುವುದರಲ್ಲಿ ಕಳೆದವಳು. ನಮ್ಮೂರು ವಿಟ್ಲದ ಪೇಟೆಯಲ್ಲಿ ಯಾರು ಕೇಳಿದರೂ ಅಮ್ಮ, "ಮಳೆ ಬಂದು ಆಟ ನಿಂತಿತಂತೆ" ಎನ್ನುತ್ತಿದ್ದಳು. ಅಮ್ಮನ ಲೆಕ್ಕದಲ್ಲಿ ದುಬೈಯಲ್ಲೂ ವರ್ಷವಿಡೀ ಮಳೆ. ಅಲ್ಲೇ ಅಂಗಡಿ ಇಟ್ಟಿರುವ ಪಕ್ಕದ ಮನೆಯ ಹಮೀದ್ ಬ್ಯಾರಿಗಳು ರಜೆಯಲ್ಲಿ ಬಂದಾಗಲೂ ಇದನ್ನು ಅಲ್ಲಗಳೆಯಲಿಲ್ಲ, ಪುಣ್ಯಾತ್ಮರು.

ಮಂಡಿ ಸವೆದು ವೈದ್ಯರು ಸಾಕೆಂದ ಮೇಲೆ ನನಗೆ ಉಳಿದದ್ದು ಒಂದೇ ಆಸೆ. ಆಟ ನಿಲ್ಲಿಸಿದೆ ಎಂದು ನಾಲ್ಕು ಜನರ ಮುಂದೆ ಹೇಳಬೇಕು, ಒಬ್ಬರಾದರೂ "ಅಯ್ಯೋ" ಎನ್ನಬೇಕು. ಅಷ್ಟರಲ್ಲಿ ಮೂಡುಬಿದಿರೆ ಕಡೆಯ ಕಂಬಳವೊಂದರ ಸಮಿತಿಯಿಂದ ಜಗ್ಗಣ್ಣನ ಫೋನು ಬಂತು, ನನಗೆ ಸನ್ಮಾನವಂತೆ. ಕಂಬಳದ ಸನ್ಮಾನವೆಂದರೆ ಎರಡು ಓಟಗಳ ನಡುವೆ ಸಿಕ್ಕಿದ ಬಿಡುವಿನಲ್ಲಿ ಶಾಲು ಹೊದೆಸುವುದು.

"ಎರಡು ಮಾತಾಡ್ಲಿಕ್ಕೆ ಉಂಟಾ ಜಗ್ಗಣ್ಣ?"

"ಧಾರಾಳ ಮಾತಾಡು ಮಾರಾಯ್ತಿ. ಕೋಣ ಬಿಡುವ ಮೊದಲು ಮುಗಿಸಿದ್ರೆ ಆಯ್ತು."

ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡು ಹೋದೆ. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೈಕು ಹಿಡಿದು, "ಬಂಧುಗಳೇ, ನಾನು ಇನ್ನು ಆಡುವುದಿಲ್ಲ" ಎಂದೆನೋ ಇಲ್ಲವೋ, ಕೆಳಗೆ ಕೆಸರುಗದ್ದೆಯಲ್ಲಿ ಕೋಣಗಳು ಹೊರಟೇಬಿಟ್ಟವು. ಜನರೆಲ್ಲ ನನಗೆ ಬೆನ್ನು ತಿರುಗಿಸಿ ಶಿಳ್ಳೆ ಹಾಕಿದರು. ಕೋಣನ ಮುಂದೆ ಕಿನ್ನರಿ ಎನ್ನುತ್ತಾರಲ್ಲ, ಅಂದು ಕೋಣಗಳಾದರೂ ಕೇಳಿಸಿಕೊಂಡಿರಬಹುದು, ಜನ ಕೇಳಲಿಲ್ಲ. ಜಗ್ಗಣ್ಣ ಮೈಕು ಕಸಿದುಕೊಂಡು, "ನಮ್ಮ ಹುಡುಗಿ ಬರುವ ವರ್ಷ ಇನ್ನೂ ದೊಡ್ಡ ಕಪ್ ತರ್ಲಿ!" ಎಂದು ಹರಸಿದ.

ನನ್ನ ನಂತರದ ಸನ್ಮಾನ ಮುತ್ತುವಿಗೆ. ಮುತ್ತು ಬೆಳ್ತಂಗಡಿ ಕಡೆಯ ಕೋಣ. ಕಾಲುನೋವೆಂದು ಅಂದೇ ಓಟದಿಂದ ನಿವೃತ್ತಿ. ಅದಕ್ಕೂ ನನ್ನಂಥದೇ ಶಾಲು. ಆದರೆ ಅದಕ್ಕಾಗಿ ಓಟವನ್ನೇ ನಿಲ್ಲಿಸಿದರು. ಅದು ಗೆದ್ದ ಕಂಬಳಗಳನ್ನು ಜಗ್ಗಣ್ಣ ಗದ್ಗದಿತನಾಗಿ ಹೇಳುತ್ತಿದ್ದರೆ ಗಂಡಸರೆಲ್ಲ ಕಣ್ಣೊರೆಸಿಕೊಂಡರು. ನನಗೆ ಹೊಟ್ಟೆ ಉರಿಯಿತು. ಕೋಣನನ್ನು ಕಂಡು ಹೊಟ್ಟೆಕಿಚ್ಚು ಪಡುವಂತಾಯಿತಲ್ಲ ನನ್ನ ಬಾಳು ಎಂದು ತಡೆಯಲಾಗದೆ ಬಿಕ್ಕಿ ಬಿಕ್ಕಿ ಅತ್ತೆ.

ಪಕ್ಕದಲ್ಲಿದ್ದ ಹೆಂಗಸು ನನ್ನ ಬೆನ್ನು ಸವರಿದಳು. "ಅಯ್ಯೋ, ಅಳ್ಬೇಡಿ ಅಕ್ಕಾ. ಓಡದಿದ್ರೂ ಅದನ್ನು ಯಜಮಾನ್ರು ಚಂದ ಮಾಡಿ ಸಾಕ್ತಾರೆ."

ಅಂತೂ ಕೋಣನ ಲೆಕ್ಕದಲ್ಲಾದರೂ ಒಂದು "ಅಯ್ಯೋ" ಸಿಕ್ಕಿತು. ಹಣ್ಣಿನ ಬುಟ್ಟಿಯನ್ನು ಮುತ್ತುವಿನ ಮುಂದಿಟ್ಟು ಬಸ್ಸು ಹಿಡಿದೆ.