ಬೆಳೆಯುವವರಿಗೆ ಪ್ರವೇಶವಿಲ್ಲ

ಉತ್ತರ ಮಿನೆಸೋಟಾದ ಟ್ಯಾಮರಾಕ್ ಪಟ್ಟಣದಲ್ಲಿ ಹದಿನಾಲ್ಕರೊಳಗಿನ ಬಾಲಕಿಯರ ಐಸ್ ಹಾಕಿ ತಂಡದ ಸಮಸ್ತ ಆಟಗಾರ್ತಿಯರ ಯಕೃತ್ತೂ ಕೆಟ್ಟಿರುವುದಾಗಿ ಹಾಕಿ ಸಂಘವು ಪ್ರಕಟಿಸಿತು. ಶನಿವಾರದ ಫೈನಲ್‌ಗೆ ಆರೋಗ್ಯವಂತರು ಮಾತ್ರ ಅರ್ಹರು.

ಸಂಘದ ಹೊಸ ನಿಯಮದಂತೆ ಎಲ್ಲರ ರಕ್ತದಲ್ಲೂ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಅಳೆಯಲಾಗಿತ್ತು. ಯಕೃತ್ತು ಕೆಟ್ಟರೆ ಅದು ಏರುತ್ತದೆ; ಮೂಳೆ ಬೆಳೆಯುವಾಗಲೂ ಏರುತ್ತದೆ. ಸಂಘದ ಬಳಿ ಇದ್ದದ್ದು ದೊಡ್ಡವರ ಮಿತಿ ಮಾತ್ರ. ಮಕ್ಕಳಿಗೆ ಬೇರೆ ಮಿತಿ ಕೇಳುವುದು ಪಕ್ಷಪಾತವಾಗುತ್ತದೆಂದು ಠರಾವು ಆಗಿತ್ತು.

ತಂಡದ ಗೋಲು ಕಾಯುವ ಮಾರಿತ್ ಒಂದೇ ಚಳಿಗಾಲದಲ್ಲಿ ಗೇಣುದ್ದ ಬೆಳೆದಿದ್ದಳು. ಈ ಫೈನಲ್‌ಗಾಗಿ ಹೆಪ್ಪುಗಟ್ಟಿದ ಕೆರೆಯ ಮೇಲೆ, ಈ ಆಟದಲ್ಲಿ ಚೆಂಡಿನ ಬದಲಿರುವ ರಬ್ಬರ್ ಬಿಲ್ಲೆಯನ್ನು ತಡೆಯುತ್ತ, ಬಿದ್ದೂ ಎದ್ದೂ ಮೈಯೆಲ್ಲ ನೀಲಿಯಾಗಿಸಿಕೊಂಡಿದ್ದಳು. ಸೀದಾ ಕಾರ್ಯದರ್ಶಿ ಡಾರ್ಲೀನ್ ಬಳಿಗೆ ಹೋದಳು.

“ಡಾಕ್ಟ್ರು ಹೇಳಿದ್ರು, ನಾನು ಬೆಳೀತಿದೀನಿ ಅಷ್ಟೇ ಅಂತ.”

“ಹಾಗಾದ್ರೆ ಶನಿವಾರದ ತನಕ ಬೆಳೀಬೇಡಮ್ಮ. ಜೀವನಪೂರ್ತಿ ಬೇಡ ಅಂದ್ವಾ ನಾವು?”

ಬೆಳೆಯದಿರಲೆಂದು ಮಾರಿತ್ ಹಾಲು ಕುಡಿಯುವುದು ಬಿಟ್ಟಳು, ಕಾಲು ಮಡಚಿ ಮಲಗಿದಳು. ಮರುಪರೀಕ್ಷೆಯಲ್ಲಿ ಅಂಕಿ ಇನ್ನೂ ಏರಿತ್ತು. ಸಂಘ ಅದನ್ನು ಅಶಿಸ್ತು ಎಂದು ದಾಖಲಿಸಿತು. ಹುಡುಗಿ ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು.

ಪಂದ್ಯ ರದ್ದು ಮಾಡುವಂತಿರಲಿಲ್ಲ, ಪಂದ್ಯದ ನಂತರದ ಊಟಕ್ಕೆ ಹಾಟ್‌ಡಿಶ್ ಎಂಬ ಆಲೂ-ಮಾಂಸದ ಖಾದ್ಯ ಆಗಲೇ ಒಲೆಯಲ್ಲಿತ್ತು. ಆದ್ದರಿಂದ ವಯಸ್ಸಿನ ನಿಯಮ ಸಡಿಲಿಸಿ, ರಕ್ತ ಸರಿಯಿದ್ದವರನ್ನೆಲ್ಲ ಆಡಿಸಲು ತೀರ್ಮಾನವಾಯಿತು. ಸರಿಯಿದ್ದದ್ದು ಅಜ್ಜಿಯರದ್ದು.

“ಅಳ್ಬೇಡ್ವೇ,” ಎಂದಳು ಮಾರಿತ್‌ಳ ಅಜ್ಜಿ ಆರ್ಡಿಸ್, ಮೊಮ್ಮಗಳ ಹೆಲ್ಮೆಟ್ಟಿಗೆ ತಲೆ ತುರುಕುತ್ತ. “ಇಷ್ಟು ವರ್ಷ ಬಿಯರ್ ಕುಡಿದಿದೀನಿ, ಲಿವರ್ ನೋಡು, ಬಂಗಾರ!”

“ಬಂಗಾರ ಇರ್ಲಿ, ಬಿಲ್ಲೆ ಬಂದ್ರೆ ಕಣ್ಮುಚ್ಕೋಬೇಡ ಅಜ್ಜಿ.”

ಎದುರಾಳಿ ಊರಿನವರೂ ಅಜ್ಜಿಯರನ್ನೇ ಇಳಿಸಿದ್ದರು. ಆಟ ನಿಧಾನವಾಗಿ, ಕುಶಲ ವಿಚಾರಿಸಿಕೊಳ್ಳುತ್ತ ಸಾಗಿತು. ಕೊನೆಗೆ ಆರ್ಡಿಸ್ ಗೋಲಿನ ಬಾಯಿಗೆ ಅಡ್ಡವಾಗಿ ಬಿದ್ದಳು. ಬಿಲ್ಲೆಯೂ ನಿಂತಿತು, ಮಣಿಕಟ್ಟೂ ಮುರಿಯಿತು. ಟ್ಯಾಮರಾಕ್ ಗೆದ್ದಿತು. ‘ವರ್ಷದ ಬಾಲಕಿ’ ಪ್ರಶಸ್ತಿ ಆಕೆಗೇ ಸಂದಿತು.

ತಿಂಗಳ ನಂತರ, ಮುರಿದ ಮೂಳೆ ಕೂಡುತ್ತಿದ್ದುದರಿಂದ, ಅಜ್ಜಿಯ ರಕ್ತವೂ ಮಿತಿ ಮೀರಿತು. ಬೆಳೆಯುತ್ತಿರುವ ಆರೋಪದ ಮೇಲೆ ಆಕೆಯನ್ನೂ ಹೊರಗಿಡಲಾಯಿತು.

“ಮತ್ತೆ ನಾನು?” ಎಂದಳು ಮಾರಿತ್.

ಡಾರ್ಲೀನ್ ಅಕ್ಕರೆಯಿಂದ ಅವಳ ಭುಜ ತಟ್ಟಿದಳು. “ಬೆಳೆಯೋದೆಲ್ಲ ಮುಗಿಸ್ಕೊಂಡು ಬಾರಮ್ಮ. ಹದಿನಾಲ್ಕರೊಳಗಿನವರ ತಂಡದಲ್ಲಿ ನಿನ್ನ ಜಾಗ ಹಾಗೇ ಇಟ್ಟಿರ್ತೀವಿ.”

ಮಾರಿತ್‌ಗೆ ಹೋದ ಜೀವ ಬಂದಂತಾಯಿತು. ಮನೆಗೆ ಓಡಿ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. ಎತ್ತರ ಗುರುತಿಸಲು ತಲೆಯ ಮಟ್ಟಕ್ಕೆ ಎಳೆದ ಗೀಟು ಹೋದ ವಾರದಷ್ಟೇ ಇತ್ತು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು.